ಉಪನ್ಯಾಸ: ಹತ್ತಿರ ತಂದಿಡುವ ಮಾತು

ಕೆ.ಆರ್. ಪೇಟೆಯ ಪ್ರೌಢಶಾಲೆಯಲ್ಲಿ ಓದುವ ಹುಡುಗಿಯೊಬ್ಬಳಿಗೆ ‘ಉಪನ್ಯಾಸ’ ಎಂಬ ಪದ ಒಂದೇ ದಿನ ಎರಡು ಅರ್ಥದಲ್ಲಿ ಎದುರಾಗಬಹುದು. ಬೆಳಗಿನ ಹಿಂದಿ ತರಗತಿಯಲ್ಲಿ ಪ್ರೇಮಚಂದ್ ‘ಉಪನ್ಯಾಸ ಸಮ್ರಾಟ’. ಅಲ್ಲಿ ಉಪನ್ಯಾಸ ಎಂದರೆ ಕಾದಂಬರಿ. ಮಧ್ಯಾಹ್ನ ಬಿಸಿಯೂಟ ಮುಗಿಸಿ ಸಭಾಂಗಣಕ್ಕೆ ಬಂದರೆ ವೇದಿಕೆಯ ಬ್ಯಾನರಿನಲ್ಲಿ ‘ದತ್ತಿ ಉಪನ್ಯಾಸ’ ಎಂದಿರುತ್ತದೆ. ಈಗ ಅದು ಕೂತು ಕೇಳಬೇಕಾದ ಮಾತು. ಹಿಂದಿಯ ಗುರುಗಳು ಹೇಳಿದ್ದೂ ಬ್ಯಾನರಿನಲ್ಲಿ ಬರೆದದ್ದೂ ಸರಿಯೇ. ಪದವೊಂದೇ, ಅದು ನಡೆದು ಬಂದ ದಾರಿ ಮಾತ್ರ ಹಲವು.

ಪದದ ಕಟ್ಟು ಸರಳ. ಉಪ ಎಂದರೆ ಹತ್ತಿರ, ನ್ಯಾಸ ಎಂದರೆ ಇಡುವುದು. ಹತ್ತಿರ ತಂದಿಡುವುದೇ ಉಪನ್ಯಾಸ. ವಿಶೇಷವಾಗಿ ಇಟ್ಟರೆ ವಿನ್ಯಾಸ, ಎಲ್ಲವನ್ನೂ ಇಳಿಸಿಟ್ಟು ಹೊರಟರೆ ಸಂನ್ಯಾಸ. ಪೂಜೆಗೆ ಕೂತವರು ಮಂತ್ರ ಹೇಳುತ್ತ ಮೈಯ ಒಂದೊಂದು ಭಾಗವನ್ನು ಮುಟ್ಟಿಕೊಳ್ಳುವುದು ಅಂಗನ್ಯಾಸ. ರಾಗದಲ್ಲಿ ಸ್ವರ ನೆಲೆ ನಿಲ್ಲುವ ಜಾಗಕ್ಕೂ ನ್ಯಾಸವೆಂದೇ ಹೆಸರು. ಸಂಸ್ಕೃತ ನಿಘಂಟುಗಳು ಉಪನ್ಯಾಸಕ್ಕೆ ಕೊಡುವ ಅರ್ಥಗಳು ಒಂದೆರಡಲ್ಲ: ಪ್ರಸ್ತಾಪ, ಸೂಚನೆ, ಆಧಾರ ಮುಂದಿಡುವುದು, ನಂಬಿ ಒಪ್ಪಿಸಿದ ಇಡುಗಂಟು. ನೀತಿಶಾಸ್ತ್ರಗಳು ಹೇಳುವ ಸಂಧಿಗಳಲ್ಲಿ, ಅಂದರೆ ರಾಜರ ಒಪ್ಪಂದಗಳಲ್ಲಿ, ಒಂದರ ಹೆಸರು ಉಪನ್ಯಾಸ. ನಾಟ್ಯಶಾಸ್ತ್ರದಲ್ಲಿ ಕಥೆಯ ‘ಪ್ರತಿಮುಖ ಸಂಧಿ’ ಎಂಬ ಘಟ್ಟದ ಅಂಗಗಳಲ್ಲಿ ಒಂದಕ್ಕೂ ಇದೇ ಹೆಸರು. ಅಮರಕೋಶ ಇದಕ್ಕೆ ‘ವಾಙ್ಮುಖ’ ಎಂಬ ಸಮಾನಪದ ಕೊಟ್ಟಿದೆ. ಮಾತಿನ ಮೊದಲು, ಮಾತಿನ ಬಾಗಿಲು ಎಂದು ಅದರ ಅರ್ಥ.

ಈ ಬಾಗಿಲಿನಿಂದ ಹೊರಟ ಪದ ಒಂದೊಂದು ಭಾಷೆಯಲ್ಲಿ ಒಂದೊಂದು ನೆಲೆ ಕಂಡಿತು. ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಬಂದದ್ದು 1865ರಲ್ಲಿ. ಬಂಗಾಳದಲ್ಲಿ ಆ ಹೊಸ ಸಾಹಿತ್ಯಪ್ರಕಾರಕ್ಕೆ ಉಪನ್ಯಾಸವೆಂಬ ಹೆಸರು ನಿಂತಿತು. ಹಿಂದಿ, ಒಡಿಯಾ, ಅಸ್ಸಾಮಿಗಳಲ್ಲೂ ಅದೇ ಅರ್ಥ. ಕನ್ನಡ ಮತ್ತು ಮರಾಠಿಗಳು ಬಾಣಭಟ್ಟನ ಕೃತಿಯ ಹೆಸರನ್ನೇ ಎತ್ತಿಕೊಂಡು ‘ಕಾದಂಬರಿ’ ಎಂದವು. ಬಂಕಿಮರನ್ನು ಕನ್ನಡಕ್ಕೆ ತಂದು ಒಂದು ಪೀಳಿಗೆಗೆ ಓದಿನ ರುಚಿ ಹತ್ತಿಸಿದ ಬಿ. ವೆಂಕಟಾಚಾರ್ಯರ ಪುಸ್ತಕಗಳೂ ನಮ್ಮಲ್ಲಿ ಕಾದಂಬರಿಗಳಾದವು. ಹಾಗಾಗಿ ಉಪನ್ಯಾಸಕ್ಕೆ ಕನ್ನಡದಲ್ಲಿ ಬೇರೆ ಕೆಲಸ ಸಿಕ್ಕಿತು. ತೆಲುಗಿನ ಉಪನ್ಯಾಸಂ ನಮ್ಮದರ ಹಾಗೆಯೇ ಸಭೆಯ ಮಾತು. ಮಲಯಾಳಂನಲ್ಲಿ ಅದು ಪ್ರಬಂಧ. ಕಾಸರಗೋಡಿನ ಕನ್ನಡದ ಮಗುವಿಗೆ ಮಲಯಾಳಂನ ‘ಉಪನ್ಯಾಸ ರಚನೆ’ ಸ್ಪರ್ಧೆ ಎಂದರೆ ಹಾಳೆ, ಪೆನ್ನು ಹಿಡಿದು ಕೂರಬೇಕಾದದ್ದು. ತಮಿಳಿನಲ್ಲಿ ಉಪನ್ಯಾಸಂ ಎಂದರೆ ಹೆಚ್ಚಾಗಿ ರಾಮಾಯಣ, ಭಾಗವತಗಳ ಪ್ರವಚನ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಭೆಯ ಮಾತು, ಪ್ರವಚನ ಎಂಬ ಎರಡು ಅರ್ಥಗಳೂ ಒಂದೇ ಬೀದಿಯಲ್ಲಿ ವಾಸವಾಗಿವೆ. ಮನೆಯೊಳಗೆ ತಮಿಳು, ಹೊರಗೆ ಕನ್ನಡ ಆಡುವ ಶ್ರೀವೈಷ್ಣವರ ಊರದು. ಗುರುವಿನ ಎದುರು ಕೂತು ಶ್ರೀಭಾಷ್ಯದಂಥ ವೇದಾಂತ ಗ್ರಂಥವನ್ನು ಸಾಲು ಸಾಲಾಗಿ ಬಿಡಿಸಿಕೊಳ್ಳುವುದಕ್ಕೆ ಅಲ್ಲಿನ ಹೆಸರು ‘ಕಾಲಕ್ಷೇಪ’. ಹೊತ್ತು ಕಳೆಯುವುದು ಎಂದು ನಾವು ಹಗುರವಾಗಿ ಬಳಸುವ ಆ ಪದ ಅಲ್ಲಿ ವರ್ಷಗಟ್ಟಲೆಯ ಅಧ್ಯಯನ. ಇಂಗ್ಲಿಷಿನ ಲೆಕ್ಚರ್‌ಗೂ ಮೂಲದಲ್ಲಿ ಓದುವುದು ಎಂದೇ ಅರ್ಥ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಗುರು ಗ್ರಂಥವನ್ನು ಓದುತ್ತ ವಿವರಿಸುತ್ತಿದ್ದ. ಎರಡು ಕಡೆಯೂ ಪುಸ್ತಕ ಅಪರೂಪದ ವಸ್ತು, ಆದ್ದರಿಂದ ಕಿವಿಯೇ ಮುಖ್ಯ. ಬಯಲುಸೀಮೆಯ ಹಳ್ಳಿಗಳಲ್ಲಿ ಇದೇ ಕೆಲಸವನ್ನು ಗಮಕ ಮಾಡಿತು. ಒಬ್ಬರು ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ರಾಗವಾಗಿ ಓದುವುದು, ಇನ್ನೊಬ್ಬರು ಆಡುಮಾತಿನಲ್ಲಿ ಅರ್ಥ ಬಿಡಿಸುವುದು. ಅಕ್ಷರ ಬಾರದವರೂ ಭಾರತವನ್ನು ಬಾಯಲ್ಲಿಟ್ಟುಕೊಂಡದ್ದು ಹೀಗೆ.

ಹೊಸ ವಿದ್ಯೆಯನ್ನು ಹೀಗೆಯೇ ಜನರ ಹತ್ತಿರ ತಂದಿಡಬಹುದೇ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಕೇಳಿದವರಲ್ಲಿ ಮುಖ್ಯರೊಬ್ಬರ ಬೇರು ಈ ಮಂಡ್ಯ ಸೀಮೆಯಲ್ಲೇ ಇದೆ. ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಕ್ಷರ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಅವರು ಹುಟ್ಟಿದ್ದು 1884ರಲ್ಲಿ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ, ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ನಿಂತು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಮಾಡಿದರು. ಆಗ ಅವರಿಗೆ 27 ವರ್ಷ. ಪಂಡಿತರಿಗಷ್ಟೇ ತಿಳಿಯುವ ಹಳಗನ್ನಡವನ್ನು ಬಿಟ್ಟು ಜನ ಆಡುವ ಹೊಸಗನ್ನಡದಲ್ಲಿ ಪುಸ್ತಕಗಳು ಬರಬೇಕು, ಹೊರಗಿನ ಒಳ್ಳೆಯದೆಲ್ಲ ಕನ್ನಡಕ್ಕೆ ಇಳಿಯಬೇಕು ಎಂಬುದು ಅವರ ವಾದದ ತಿರುಳು. ಮೈಸೂರು ಸೀಮೆಯ ಮೇಷ್ಟ್ರೊಬ್ಬರು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡಕ್ಕೆ ಹೋಗಿ ಆಡಿದ ಒಂದು ಹೊತ್ತಿನ ಮಾತು ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಒಂದು ಅಧ್ಯಾಯವಾಗಿ ಉಳಿಯಿತು.

ವಿಜ್ಞಾನದವರೂ ಹಿಂದೆ ಬೀಳಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತೆಗೆದರು. ಗ್ರಹಣ, ಗೊಬ್ಬರ, ರೋಗಾಣು ಯಾವುದನ್ನೂ ಕನ್ನಡದಲ್ಲಿ ಹೇಳಲು ಆಗದು ಎಂಬ ಅಂಜಿಕೆಯನ್ನು ಒಡೆದವರು ಅವರು.

ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಒಂದು ದೊಡ್ಡ ಕೆಲಸಕ್ಕೆ ಕೈ ಹಾಕಿತು. ಅದರ ಹೆಸರು ‘ಪ್ರಚಾರೋಪನ್ಯಾಸ’. ಪ್ರಚಾರಕ್ಕೆ ಉಪನ್ಯಾಸ ಸೇರಿ ಗುಣಸಂಧಿ. ಪ್ರಚಾರ ಎಂದೊಡನೆ ಇಂದು ಚುನಾವಣೆಯ ಜೀಪು, ಮೈಕು ನೆನಪಾಗುತ್ತವೆ. ಅಂದು ಅದಕ್ಕೆ ಹರಡುವುದು ಎಂಬ ನೇರ ಅರ್ಥವಿತ್ತು. ಸ್ವಾತಂತ್ರ್ಯಕ್ಕೆ ಮುಂಚೆಯೇ ಶುರುವಾದ ಈ ಏರ್ಪಾಡಿನಲ್ಲಿ ಕಾಲೇಜು ಅಧ್ಯಾಪಕರು ತಾಲ್ಲೂಕು ಊರುಗಳಿಗೂ ಹಳ್ಳಿಗಳಿಗೂ ಹೋಗಿ ತಮ್ಮ ತಮ್ಮ ಶಾಸ್ತ್ರವನ್ನು ಜನರ ಮುಂದೆ ಕನ್ನಡದಲ್ಲಿ ಬಿಚ್ಚಿಟ್ಟರು. ಹಾಗೆ ಆಡಿದ್ದು ಕೆಲವೇ ಆಣೆ ಬೆಲೆಯ, ಅಂಗಿಯ ಜೇಬಿಗೆ ಹೋಗುವಂಥ ಪುಸ್ತಿಕೆಯಾಗಿ ಬರುತ್ತಿತ್ತು. ಸಾಹಿತ್ಯ, ಇತಿಹಾಸ, ಆರೋಗ್ಯ, ವಿಜ್ಞಾನ, ತತ್ತ್ವ ಎಲ್ಲಕ್ಕೂ ಒಂದೇ ಮಾಲೆಯಲ್ಲಿ ಜಾಗ. ಹಳೆಯ ಮನೆಗಳ ಅಟ್ಟದಲ್ಲಿ, ಗ್ರಂಥಾಲಯಗಳ ಮೂಲೆಯ ಬೀರುಗಳಲ್ಲಿ ಇಂದಿಗೂ ಅವು ಸಿಗುತ್ತವೆ. ತೆರೆದರೆ ಮೊದಲು ಕಣ್ಣಿಗೆ ಬೀಳುವುದು ವಾಕ್ಯದ ಉದ್ದ. ಬರೆದದ್ದಕ್ಕಿಂತ ಆಡಿದ ವಾಕ್ಯಗಳು ಅವು, ಆದ್ದರಿಂದ ಚಿಕ್ಕವು. ಪಾರಿಭಾಷಿಕ ಪದ ಬಂದ ಕಡೆ ಪಕ್ಕದಲ್ಲೇ ಹೊಲ, ಗದ್ದೆ, ಅಡುಗೆಮನೆಯಿಂದ ಎತ್ತಿದ ಉದಾಹರಣೆ. ವಿಶ್ವವಿದ್ಯಾನಿಲಯದ ‘ಪ್ರಸಾರಾಂಗ’ ಎಂಬ ವಿಭಾಗದ ಹೆಸರಿನಲ್ಲೂ ಅದೇ ಹರಡುವ ಆಸೆ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗವೂ ಕವಿ ಚೆನ್ನವೀರ ಕಣವಿಯವರ ಉಸ್ತುವಾರಿಯಲ್ಲಿ ‘ಉಪನ್ಯಾಸ ಗ್ರಂಥಮಾಲೆ’ ಹೊರತಂದಿತು.

ಬೆಂಗಳೂರಿನ ಬಸವನಗುಡಿಗೆ ಇದರ ನಗರದ ರೂಪ ದಕ್ಕಿತು. ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಶುರುಮಾಡಿದ ಬೆಂಗಳೂರು ಸೈನ್ಸ್ ಫೋರಂ ಎರಡರ ಬೆನ್ನೆಲುಬೂ ಉಪನ್ಯಾಸವೇ. ಫೋರಂನ ಬುಧವಾರದ ಸಭೆಗೆ ಟಿಕೆಟ್ಟಿಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು.

ಜನ ಈ ಪದವನ್ನು ಹೇಗೆ ನಡೆಸಿಕೊಂಡಿದ್ದಾರೆ ಎಂಬುದು ಕ್ರಿಯಾಪದಗಳಲ್ಲಿ ಗೊತ್ತಾಗುತ್ತದೆ. ಮಂಡ್ಯದ ಕಡೆ ‘ಸಂಜೆ ಕಾಲೇಜ್ ತಾವ ಭಾಷ್ಣ ಅದೆ ಕಣ್ಲಾ’ ಎನ್ನುವುದೇ ರೂಢಿ, ಉಪನ್ಯಾಸ ಎಂದು ಬಾಯಿಬಿಟ್ಟು ಹೇಳುವವರು ಕಡಿಮೆ. ಆದರೆ ಭಾಷಣವನ್ನು ‘ಬಿಗಿಯುತ್ತಾರೆ’, ‘ಹೊಡೆಯುತ್ತಾರೆ’. ಲೆಕ್ಚರು ‘ಕೊರೆಯುತ್ತಾರೆ’. ಮನೆಯಲ್ಲಿ ಮಾತು ಉದ್ದವಾದರೆ ‘ನಿನ್ನ ಪುರಾಣ ಸಾಕು’ ಎನ್ನುತ್ತಾರೆ, ‘ಹರಿಕಥೆ ಶುರು ಮಾಡ್ಬೇಡ’ ಎನ್ನುತ್ತಾರೆ. ಉಪನ್ಯಾಸಕ್ಕೆ ಇಂಥ ಕ್ರಿಯಾಪದ ಯಾವುದೂ ಅಂಟಿಲ್ಲ. ಅದನ್ನು ಮಾಡುತ್ತಾರೆ, ಕೊಡುತ್ತಾರೆ, ನೀಡುತ್ತಾರೆ, ಅಷ್ಟೆ. ತಯಾರಿಯಿಲ್ಲದೆ ವೇದಿಕೆ ಹತ್ತಿದ ಮಾತಿಗೆ ಊರಿನವರು ಈ ಹೆಸರು ಕೊಡುವುದಿಲ್ಲ. ‘ಮಾತು’ ಎಲ್ಲರಿಗೂ ಸೇರಿದ್ದು, ಉಪನ್ಯಾಸಕ್ಕೆ ಓದಿಕೊಂಡು ಬರಬೇಕು ಎಂಬ ತಿಳಿವಳಿಕೆ ಕನ್ನಡದ ಆಡುನುಡಿಯಲ್ಲೇ ಇದೆ.

ಪದಗಳ ಇಂಥ ನಡೆಯನ್ನು ಜೀವನಪೂರ್ತಿ ಗಮನಿಸಿದ ಜಿ. ವೆಂಕಟಸುಬ್ಬಯ್ಯನವರ ಮನೆತನ ಶ್ರೀರಂಗಪಟ್ಟಣದ ಗಂಜಾಮಿನದು. ಹೆಸರಿನ ‘ಜಿ’ ಆ ಊರಿನದೇ. 1913ರಲ್ಲಿ ಹುಟ್ಟಿ 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ದುಡಿದವರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಅವರು ಓದುಗರ ಸಣ್ಣ ಸಣ್ಣ ಅನುಮಾನಗಳಿಗೂ ಉತ್ತರ ಬರೆದರು. ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರದು ಇನ್ನೊಂದು ಮಾದರಿ. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸಿದ ಅವರು 90ರ ಆಸುಪಾಸಿನಲ್ಲಿ ‘ದೇವರು’ ಬರೆದರು. ನಂಬಿಕೆಯಂಥ ನವಿರಾದ ವಿಷಯವನ್ನು ಎದುರಿಗೆ ಕೂತವರೊಡನೆ ಆಡುವ ಹಾಗೆ, ದನಿ ಏರಿಸದೆ ಅಲ್ಲಿ ಚರ್ಚಿಸಿದ್ದಾರೆ. ಒಳ್ಳೆಯ ಉಪನ್ಯಾಸದ ಹದ ಆ ಪುಸ್ತಕದ ಉದ್ದಕ್ಕೂ ಇದೆ.

ಪದಕ್ಕೆ ‘ಕ’ ಸೇರಿದರೆ ಉಪನ್ಯಾಸಕ, ಸಂಬಳದ ಹುದ್ದೆ. 2006ರ ಯುಜಿಸಿ ವೇತನಶ್ರೇಣಿಯ ನಂತರ ಪದವಿ ಕಾಲೇಜುಗಳ ಕಾಯಂ ಲೆಕ್ಚರರುಗಳು ‘ಸಹಾಯಕ ಪ್ರಾಧ್ಯಾಪಕ’ರಾದರು. ಉಪನ್ಯಾಸಕ ಎಂಬ ಹೆಸರು ಪಿಯು ಕಾಲೇಜಿನಲ್ಲಿ ಉಳಿಯಿತು, ‘ಅತಿಥಿ’ ಎಂಬ ವಿಶೇಷಣ ಹೊತ್ತು ಸರ್ಕಾರಿ ಪದವಿ ಕಾಲೇಜಿನಲ್ಲೂ ಉಳಿಯಿತು. 2023ರಲ್ಲಿ ರಾಜ್ಯದ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಆ ವರ್ಷದ ಕೊನೆಯಲ್ಲಿ ಅವರು ಸೇವೆ ಕಾಯಂ ಆಗಬೇಕೆಂದು ತರಗತಿ ಬಿಟ್ಟು ಹೋರಾಟಕ್ಕೆ ಕೂತರು. ಹತ್ತು, ಹದಿನೈದು ವರ್ಷ ಒಂದೇ ಕಾಲೇಜಿನಲ್ಲಿ ಪಾಠ ಮಾಡಿದವರನ್ನು ಅತಿಥಿ ಎಂದೇ ಕರೆಯುತ್ತಿರುವುದು ಪದಕ್ಕೂ ಮನುಷ್ಯರಿಗೂ ಆಗುತ್ತಿರುವ ಅನ್ಯಾಯ. ತಾಲ್ಲೂಕು ಊರುಗಳಲ್ಲಿ ಸಾರ್ವಜನಿಕ ಉಪನ್ಯಾಸಗಳಿಗೆ ಬಂದು ನಿಲ್ಲುವವರಲ್ಲಿ ಇಂಥ ಮೇಷ್ಟ್ರುಗಳು ಬಹಳ.

ಆ ಸಾರ್ವಜನಿಕ ಉಪನ್ಯಾಸಗಳ ಪೈಕಿ ಹಳ್ಳಿಗಾಡಿನವರೆಗೂ ತಲುಪುವುದು ದತ್ತಿ ಉಪನ್ಯಾಸ. ದತ್ತಿ ಈ ಸೀಮೆಗೆ ಹಳೆಯ ಪದ. ಎಪಿಗ್ರಾಫಿಯಾ ಕರ್ನಾಟಿಕಾದ ಪರಿಷ್ಕೃತ ಆವೃತ್ತಿಯಲ್ಲಿ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳಿರುವುದು 6ನೇ ಸಂಪುಟದಲ್ಲಿ, ನಾಗಮಂಗಲದವು 7ನೆಯದರಲ್ಲಿ. ದೇವಾಲಯಕ್ಕೆ, ಅಗ್ರಹಾರಕ್ಕೆ, ಕೆರೆಗೆ ಬಿಟ್ಟ ದತ್ತಿಗಳ ವಿವರ ಅವುಗಳ ತುಂಬ ಇದೆ. ಈಗಿನ ದತ್ತಿ ಹೀಗೆ: ತಂದೆತಾಯಿಯ ಹೆಸರಿನಲ್ಲೋ ಓದಿಸಿದ ಗುರುವಿನ ಹೆಸರಿನಲ್ಲೋ ಒಬ್ಬರು ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಹಣ ಠೇವಣಿ ಇಡುತ್ತಾರೆ. ವಿಷಯ ಇಂಥದ್ದೇ ಇರಲಿ ಎಂದು ಬರೆದುಕೊಡುತ್ತಾರೆ. ವಚನ, ದಾಸಸಾಹಿತ್ಯ, ಜಾನಪದ, ಪರಿಸರ, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಮೇಲುಕೋಟೆಯ ಪು.ತಿ.ನ., ಏನೂ ಆಗಬಹುದು. ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ. ಇಡುಗಂಟು ಎಂಬ ಸಂಸ್ಕೃತದ ಹಳೆಯ ಅರ್ಥ ಇಲ್ಲಿ ಬ್ಯಾಂಕಿನ ರಸೀದಿಯಲ್ಲೇ ಜೀವಂತವಾಗಿದೆ.

ಇಂಥ ಕಾರ್ಯಕ್ರಮದ ಆಹ್ವಾನ ಪತ್ರಿಕೆಯನ್ನು ಗಮನವಿಟ್ಟು ಓದಬೇಕು. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ದತ್ತಿ ದಾನಿಗಳ ಪರಿಚಯ, ಉಪನ್ಯಾಸ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಅಧ್ಯಕ್ಷತೆ, ವಂದನಾರ್ಪಣೆ. ಹತ್ತು ಸಾಲಿನಲ್ಲಿ ಉಪನ್ಯಾಸಕ್ಕೆ ಒಂದು ಸಾಲು. ಹತ್ತೂವರೆಗೆ ಕರೆದ ಸಭೆ ಹನ್ನೊಂದೂವರೆಗೆ ಶುರುವಾಗುತ್ತದೆ, ಹಾರ, ಶಾಲು, ಮೈಸೂರು ಪೇಟ ಮುಗಿಯುವಷ್ಟರಲ್ಲಿ ಊಟದ ಬೆಲ್ಲು ಹತ್ತಿರ ಬಂದಿರುತ್ತದೆ. ವಾರಗಟ್ಟಲೆ ಓದಿ ಟಿಪ್ಪಣಿ ಮಾಡಿಕೊಂಡು, ಎರಡು ಬಸ್ಸು ಬದಲಿಸಿ ಬಂದವರ ಕೈಗೆ ‘ಸಮಯದ ಅಭಾವ’ ಎಂಬ ಚೀಟಿ ಬರುತ್ತದೆ. ಪ್ರಶ್ನೆ ಕೇಳಲು ಕೈಯೆತ್ತಬೇಕೆಂದಿದ್ದ ಮಗುವಿಗೂ ಸಮಯ ಉಳಿಯುವುದಿಲ್ಲ. ದಾನಿ ಹಣ ಇಟ್ಟದ್ದು ಆ ಒಂದು ಸಾಲಿಗಾಗಿ ಎಂಬುದನ್ನು ಸಂಘಟಕರು ನೆನಪಿಡಬೇಕು.

ಹಣದ ಲೆಕ್ಕವೂ ಬಿಗಿಯಾಗಿದೆ. ಹತ್ತು ಸಾವಿರ ರೂಪಾಯಿ ಠೇವಣಿಗೆ ಶೇ 7ರ ಬಡ್ಡಿ ಬಂದರೆ ವರ್ಷಕ್ಕೆ 700 ರೂಪಾಯಿ. ಬ್ಯಾನರು, ಕಾಫಿ, ಬಸ್ ಖರ್ಚು, ಗೌರವಧನ ಎಲ್ಲ ಅದರೊಳಗೇ ಆಗಬೇಕು. ಹಳೆಯ ದತ್ತಿಗಳಿಗೆ ಮನೆಮಂದಿ ಮೂಲಧನ ಸೇರಿಸಬಹುದು. ಒಂದೇ ವಿಷಯದ ಎರಡು ಮೂರು ದತ್ತಿಗಳನ್ನು ಕೂಡಿಸಿ ಅರ್ಧ ದಿನದ ಗಟ್ಟಿ ಕಾರ್ಯಕ್ರಮ ಮಾಡಬಹುದು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠ ‘ವಿಜ್ಞಾತಂ’ ಹೆಸರಿನಲ್ಲಿ ವಿಜ್ಞಾನೋತ್ಸವ ನಡೆಸುತ್ತದೆ. ಅದೇ ದಾರಿಯಲ್ಲಿ, ಸಾಹಿತ್ಯಕ್ಕೇ ವಾಲಿರುವ ದತ್ತಿಗಳ ಪಟ್ಟಿಗೆ ಮಣ್ಣು, ಕಾವೇರಿ ನೀರು, ಕಬ್ಬಿನ ರೋಗ, ಆಕಾಶವೀಕ್ಷಣೆಯಂಥ ವಿಷಯಗಳೂ ಸೇರಿದರೆ ರೈತರ ಮನೆಯ ಮಕ್ಕಳು ಇನ್ನೂ ಹತ್ತಿರ ಬಂದು ಕೂರುತ್ತಾರೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಉಪನ್ಯಾಸವನ್ನು ಉಳಿಸಿಕೊಳ್ಳುವ ಕೆಲಸ. ಪ್ರಚಾರೋಪನ್ಯಾಸಗಳು ನಮಗೆ ಸಿಕ್ಕಿರುವುದು ಅವು ಅಚ್ಚಾದ್ದರಿಂದ. ಇಂದಿನ ದತ್ತಿ ಉಪನ್ಯಾಸಗಳಲ್ಲಿ ಹೆಚ್ಚಿನವುಗಳಿಂದ ಮರುದಿನದ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಉಳಿಯುತ್ತದೆ, ವೇದಿಕೆಯಲ್ಲಿದ್ದವರ ಹೆಸರು ಉಳಿಯುತ್ತದೆ, ಆಡಿದ ವಿಷಯ ಉಳಿಯುವುದಿಲ್ಲ. ಸಭೆಯಲ್ಲಿರುವ ಯಾರದಾದರೂ ಮೊಬೈಲಿನಲ್ಲಿ ಧ್ವನಿಮುದ್ರಿಸಿದರೆ ಸಾಕು, ಪಿಯು ವಿದ್ಯಾರ್ಥಿಗಳೇ ಅದನ್ನು ಬರಹಕ್ಕೆ ಇಳಿಸಬಲ್ಲರು. ಉಪನ್ಯಾಸಕರು ತಿದ್ದಿಕೊಟ್ಟದ್ದನ್ನು ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕ ವರ್ಷದ ಕೊನೆಗೆ ನೂರು ಪುಟದ ಪುಸ್ತಕವಾಗಿ ತಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಶಾಲಾ ಗ್ರಂಥಾಲಯಗಳಿಗೆ ಹಂಚಬೇಕು. ನಾಲ್ಕೂ ತಾಲ್ಲೂಕುಗಳ ಘಟಕಗಳು ಸೇರಿ ಅಚ್ಚು ಹಾಕಿಸಿದರೆ ಖರ್ಚೂ ಕಡಿಮೆ, ಮೊದಲ ಪುಸ್ತಕಕ್ಕೆ ಬೇಕಾದ ಉಪನ್ಯಾಸಗಳು ಈ ವರ್ಷದ ದತ್ತಿ ಪಟ್ಟಿಯಲ್ಲೇ ಇವೆ.