ಬೇಹಿನ ಚಾವಡಿ: ಶ್ರೀರಂಗಪಟ್ಟಣದಲ್ಲಿದ್ದ ಮೈಸೂರಿನ ಪ್ರಧಾನ ಅಂಚೆ

ದೊಡ್ಡ ಅಂಚೆ ಕಚೇರಿ ಎಂದರೆ ನಮಗೆ ನೆನಪಾಗುವುದು ಬೆಂಗಳೂರಿನ ರಾಜಭವನ ರಸ್ತೆಯ ಜಿಪಿಒ. ಆದರೆ ಮೈಸೂರು ಸಂಸ್ಥಾನದ ಅಂಚೆಗೆ ಮೊದಲು ಕೇಂದ್ರವಾಗಿದ್ದದ್ದು 1610ರಿಂದ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣ.

ಹದಿನೆಂಟರಲ್ಲಿ ಒಂದು

ಅಂಚೆಯನ್ನು ಕಟ್ಟಿದವರು ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673–1704). ಔರಂಗಜೇಬನ ಆಸ್ಥಾನಕ್ಕೆ ಹೋದ ರಾಯಭಾರಿಗಳು 1700ರ ಹೊತ್ತಿಗೆ ಹಿಂತಿರುಗಿದ ಮೇಲೆ ಅವರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದರು. ಅದೇ ಅಠಾರಾ ಕಚೇರಿ; ಬೆಂಗಳೂರಿನ ಹೈಕೋರ್ಟ್ ಕಟ್ಟಡಕ್ಕೆ ಇಂದಿಗೂ ಅಂಟಿಕೊಂಡಿರುವ ಹೆಸರು. ಸುಂಕಕ್ಕೊಂದು, ಬೆಣ್ಣೆಗೊಂದು ಎಂದಿದ್ದ ಆ ಪಟ್ಟಿಯಲ್ಲಿ ಅಂಚೆಗೆ ಸಿಕ್ಕಿದ್ದು ಬೇಹಿನ ಚಾವಡಿ.

ಕಾಗದ ಮುಟ್ಟಿಸುವುದು ಆ ಚಾವಡಿಯ ಅರ್ಧ ಕೆಲಸ ಮಾತ್ರ. ಊರೂರಿನ ಅಂಚೆಯವರು ತಮ್ಮ ಸೀಮೆಯ ಗುಟ್ಟುಗಳನ್ನು ಅರಮನೆಗೆ ವರದಿ ಮಾಡುವ ನಂಬಿಕಸ್ತರೂ ಆಗಿದ್ದರು ಎಂದು ಚರಿತ್ರೆಕಾರ ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ಪ್ರಜೆಗಳ ಅನುಕೂಲಕ್ಕೆಂದೇ ಹುಟ್ಟಿದ ಸೇವೆ ಇದು ಎಂದು ಹೊಗಳುವವರು ಈ ಭಾಗವನ್ನು ಸುಮ್ಮನೆ ದಾಟಿಬಿಡುತ್ತಾರೆ. ಹೈದರಾಲಿಯಂತೂ ಈ ಬೇಹುಗಾರಿಕೆಯನ್ನು ಇನ್ನಷ್ಟು ಬಿಗಿಗೊಳಿಸಿದ.

ಕಡತದ ಮೇಲಿನ ಬರಹ

ಅಂದಿನ ಕಚೇರಿಗಳ ಲೆಕ್ಕಪತ್ರ ಇರುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಗಂಜಿ ಮತ್ತು ಇದ್ದಿಲಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಶಾನುಭೋಗರಿಗೆ ಇದು ವರವೋ ಆಮಿಷವೋ, ಹೇಳುವುದು ಕಷ್ಟ!

ಪಟ್ಟಣದಿಂದ ಬೆಂಗಳೂರಿಗೆ

1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡ ಬಳಿಕ ಕಾರುಬಾರೆಲ್ಲ ಬೆಂಗಳೂರಿನದಾಯಿತು. ಸಂಸ್ಥಾನದ ಅಂಚೆಯ ಪಕ್ಕದಲ್ಲೇ ಬ್ರಿಟಿಷ್ ಅಂಚೆಯೂ ಓಡತೊಡಗಿತು. 1881–82ರಲ್ಲಿ ಬೆಂಗಳೂರು–ಮೈಸೂರು ರೈಲು ಮಂಡ್ಯ, ಶ್ರೀರಂಗಪಟ್ಟಣಗಳ ಮೇಲೆ ಹಾದುಬಂತು. ನಾಗಮಂಗಲ ಮತ್ತು ಅತ್ತಿಕುಪ್ಪೆ, ಅಂದರೆ ಇಂದಿನ ಕೆ.ಆರ್. ಪೇಟೆ, ಆ ಹಳಿಯಿಂದ ದೂರವೇ ಉಳಿದವು. ಪಾಂಡವಪುರದ ಹೆಸರು ಆಗ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಕಾಲದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದ ಬಂದದ್ದು.

1889ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ಅಂಚೆ ಬ್ರಿಟಿಷ್ ಅಂಚೆಯಲ್ಲಿ ವಿಲೀನವಾಯಿತು. ತಿರುವಾಂಕೂರು ಸಂಸ್ಥಾನ ‘ಅಂಚಲ್’ ಎಂಬ ತನ್ನ ಅಂಚೆಯನ್ನು 1951ರವರೆಗೂ ಉಳಿಸಿಕೊಂಡು ತನ್ನದೇ ಅಂಚೆಚೀಟಿಗಳನ್ನೂ ಹೊರಡಿಸಿತು. ಮೈಸೂರು ಒಂದು ಅಂಚೆಚೀಟಿಯನ್ನೂ ಅಚ್ಚುಹಾಕಿಸಲಿಲ್ಲ. ಚೀಟಿ ಸಂಗ್ರಾಹಕರ ಆಲ್ಬಂಗಳಲ್ಲಿ ಇಷ್ಟು ಹಳೆಯ ವ್ಯವಸ್ಥೆಗೆ ಜಾಗವೇ ಇಲ್ಲದಿರುವುದಕ್ಕೆ ಕಾರಣ ಇದು.

ಈಗಿನ ವಿಳಾಸ

1972ರ ಆಗಸ್ಟ್ 15ರಂದು ಪಿನ್‌ಕೋಡ್ ಜಾರಿಗೆ ಬಂತು. ಶ್ರೀರಂಗಪಟ್ಟಣವಿರುವ ಮಂಡ್ಯ ಜಿಲ್ಲೆಯಲ್ಲಿ ಕೆ.ಆರ್. ಪೇಟೆಗೆ 571426, ನಾಗಮಂಗಲಕ್ಕೆ 571432, ಪಾಂಡವಪುರಕ್ಕೆ 571434, ಶ್ರೀರಂಗಪಟ್ಟಣಕ್ಕೆ 571438. ಮಂಡ್ಯ ನಗರದ್ದು 571401.