ಪಾಟಣದ ಮಠವೂ ಭಾಸ್ಕರನ ಬೀಜಗಣಿತವೂ

ನಾಸಿಕದಿಂದ ರೈಲುಮಾರ್ಗವಾಗಿಯೂ, ಛತ್ರಪತಿ ಸಂಭಾಜಿನಗರದಿಂದ ‘ಕನ್ನಡ’ವೆಂಬ ಹೆಸರಿನ ಊರನ್ನು ದಾಟಿ ಘಟ್ಟವಿಳಿದೂ ಸೇರಬಹುದಾದ ಚಾಳೀಸಗಾಂವದ ಬಳಿ ಪಾಟಣವೆಂಬ ಹಳ್ಳಿಯಿದೆ. ಅಲ್ಲಿನ ಶಿಲಾಶಾಸನವನ್ನು 1865ರಲ್ಲಿ ಡಾ. ಭಾವು ದಾಜಿಯವರು ವಿದ್ವಾಂಸರ ಗಮನಕ್ಕೆ ತಂದರು. ದೇವಗಿರಿಯ ಸೇವುಣ ದೊರೆ ಸಿಂಘಣನ ಆಸ್ಥಾನಜ್ಯೋತಿಷಿಯಾದ ಚಾಂಗದೇವನು ತನ್ನ ಅಜ್ಜ ಭಾಸ್ಕರಾಚಾರ್ಯನ ಗ್ರಂಥಗಳ ಪಾಠಕ್ಕೆಂದು ಅಲ್ಲಿ ಮಠವನ್ನು ಸ್ಥಾಪಿಸಿದನು. ಅದಕ್ಕೆ 1207ರಲ್ಲಿ ನಿಕುಂಭ ಸಾಮಂತನ ದತ್ತಿ ದೊರೆಯಿತು.

ಭಾಸ್ಕರನ ‘ವಿಜ್ಜಡವಿಡ’ವು ನಮ್ಮ ವಿಜಾಪುರವೇ ಎಂಬ ವಾದವು ಕನ್ನಡಿಗರಿಗೆ ಪ್ರಿಯವಾದುದು. ಆದರೆ ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿದ್ದಿತೆಂದು ಆಚಾರ್ಯನೇ ಹೇಳಿರುವಾಗ ಹೆಸರಿನ ಸಾಮ್ಯವೊಂದೇ ಸಾಲದು. ಕನ್ನಡ ಶಾಸನಗಳನ್ನು ಹೇರಳವಾಗಿ ಬರೆಯಿಸಿದ ಸೇವುಣರ ಆಶ್ರಯದಲ್ಲಿ ಈ ವಿದ್ಯೆ ಹೇಗೆ ಉಳಿಯಿತೆಂಬುದು ಜನ್ಮಸ್ಥಳದ ವ್ಯಾಜ್ಯಕ್ಕಿಂತ ವಿಚಾರಾರ್ಹವಾದುದು.

ಗ್ರಂಥವಿದ್ದರೆ ಸಾಲದೆ? ಮಠವೇಕೆ? 1150ರ ಸುಮಾರಿನ ‘ಬೀಜಗಣಿತ’ದಲ್ಲಿ ಅವ್ಯಕ್ತರಾಶಿಗಳಿಗೆ ಯಾವತ್ತಾವತ್, ಕಾಲಕ, ನೀಲಕ ಮೊದಲಾದ ಹೆಸರುಗಳಿದ್ದು, ಯಾ, ಕಾ, ನೀ ಎಂಬ ಮೊದಲಕ್ಷರಗಳೇ ಲೆಕ್ಕದಲ್ಲಿ ನಿಲ್ಲುತ್ತವೆ. ವ್ಯಕ್ತರಾಶಿಗೆ ‘ರೂ’, ಋಣರಾಶಿಯ ತಲೆಯ ಮೇಲೊಂದು ಬಿಂದು. ಲಿಪಿಕಾರನು ಆ ಬಿಂದುವನ್ನು ಮರೆತರೆ ಸಾಲವು ಆಸ್ತಿಯಾಗುತ್ತದೆ! ಇಂಥ ತಪ್ಪನ್ನು ಹಿಡಿಯಲು ಲೆಕ್ಕವನ್ನು ಮತ್ತೆ ಮಾಡಿ ನೋಡುವ ಶಿಷ್ಯನೇ ಬೇಕು.

ಶ್ರಮದ ಪ್ರಶ್ನೆಯೂ ಇದ್ದಿತು. ಯಾವ ವರ್ಗವನ್ನು 61ರಿಂದ ಗುಣಿಸಿ 1ನ್ನು ಕೂಡಿದರೆ ಮತ್ತೆ ವರ್ಗವೇ ಬರುವುದು? ಒಂದೊಂದಾಗಿ ಸಂಖ್ಯೆಗಳನ್ನು ಪರೀಕ್ಷಿಸುತ್ತ ಹೋದವನು 22,61,53,980ರವರೆಗೆ ನಡೆಯಬೇಕು. ಆಗ ಬರುವ ವರ್ಗದ ಮೂಲ 1,76,63,19,049. ಭಾಸ್ಕರನ ಚಕ್ರವಾಲ ವಿಧಾನದ ದಾರಿ ಬೇರೆ. 8ರ ವರ್ಗವು 61ಕ್ಕಿಂತ 3 ಹೆಚ್ಚು. ಇಲ್ಲಿಂದ ಚಕ್ರವನ್ನು ಒಮ್ಮೆ ತಿರುಗಿಸಿದರೆ 39 ಮತ್ತು 5 ದೊರೆಯುತ್ತವೆ. 39ರ ವರ್ಗವು 5ರ ವರ್ಗದ 61 ಪಟ್ಟಿಗಿಂತ 4 ಮಾತ್ರ ಕಡಿಮೆ. ಅಲ್ಲಿಂದ ಮುಂದೆ ಬ್ರಹ್ಮಗುಪ್ತನ ‘ಭಾವನಾ’ ಸೂತ್ರವನ್ನು ಮೂರು ಬಾರಿ ಪ್ರಯೋಗಿಸಿದರೆ ಉತ್ತರ ಸಿದ್ಧ. 1657ರಲ್ಲಿ ಫ್ರಾನ್ಸಿನ ಫರ್ಮಾ ಸಮಕಾಲೀನರ ಮುಂದಿಟ್ಟ ಸಮಸ್ಯೆಗಳಲ್ಲಿ ಇದೇ 61 ಇದ್ದಿತು.

ಜ್ಯೋತಿಷದಲ್ಲಿಯೂ ಅದೇ ಮಿತವ್ಯಯ. ಕಲ್ಪಾದಿಯಿಂದ ದಿನಗಳನ್ನೆಣಿಸಿದರೆ 72,000 ಕೋಟಿಯನ್ನು ಮೀರುತ್ತದೆ. ‘ಕರಣಕುತೂಹಲ’ದಲ್ಲಿ ಭಾಸ್ಕರನು ಎಣಿಕೆಯನ್ನು 1183ರಿಂದಲೇ ಆರಂಭಿಸಿದನು. ಆದರೂ ಹಳೆಯ ಮೂಲಾಂಕಗಳು ಕಾಲಕ್ರಮದಲ್ಲಿ ಆಕಾಶದೊಡನೆ ತಾಳೆಯಾಗದೆ ಹೋಗುತ್ತವೆ. ಆಗ ಸೇರಿಸುವ ತಿದ್ದುಪಡಿಗೂ ‘ಬೀಜ’ವೆಂದೇ ಹೆಸರು. ಬ್ರಾಹ್ಮಪಕ್ಷದ ಅಂಕಕ್ಕೆ ಸೌರಪಕ್ಷದ ಬೀಜವನ್ನು ಕೊಟ್ಟರೆ ಗಣಿತವು ಸರಿಯಿದ್ದೂ ಗ್ರಹವು ತಪ್ಪುತ್ತದೆ. ಗಣಕಯಂತ್ರದಿಂದ ಬೀಜಗಣಿತ ಮಾಡಿಸುವ ಇಂದಿನವರು, ತಂತ್ರಾಂಶದ ಹಳೆಯ ಆವೃತ್ತಿಗೆ ಬರೆದ ಸೂತ್ರವು ಹೊಸದರಲ್ಲಿ ನಡೆಯದಿರುವಾಗ ಪಡುವ ಪಾಡು ಇದೇ ಜಾತಿಯದು. ಯಾವ ತಿದ್ದುಪಡಿ ಯಾವ ಪಾಠಕ್ಕೆ ಸಲ್ಲುವುದೆಂಬ ತಿಳಿವು ಶ್ಲೋಕದಲ್ಲಿ ಅಡಗುವುದಿಲ್ಲ. ಅದು ಗುರುಮುಖದಿಂದ ಬರಬೇಕು.

ಆ ಗುರುವಿನ ಜೀವನಕ್ಕೆ ವ್ಯವಸ್ಥೆಯೇನು? ಶಾಸನದ ಸಂಸ್ಕೃತ ಶ್ಲೋಕಗಳು ಮುಗಿದ ಮೇಲೆ ಹಳೆಯ ಮರಾಠಿಯಲ್ಲಿ ಬರುವ ಸಾಲುಗಳು ಅದನ್ನು ಹೇಳುತ್ತವೆ: ಊರಿನವರ ಆಯಗಳ ಜೊತೆಗೆ, ನಡೆಯುವ ಪ್ರತಿಯೊಂದು ಗಾಣದಿಂದ ಮಠಕ್ಕೆ ಒಂದೊಂದು ಪಳಿ ಎಣ್ಣೆ.