ಅರಿಶಿನದ ಕಲೆಯೂ ಹಳೇ ಫೋಟೋಗಳೂ

ಬಿಳಿ ಪಂಚೆಗೆ ಅರಿಶಿನ ತಾಗಿದರೆ ನಮ್ಮ ರಾಮಾಪುರದ ಕಡೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಒಗೆದು ಬಿಸಿಲಿಗೆ ಹಾಕಿದರೆ ಕಲೆ ತಾನಾಗೇ ಹೋಗುತ್ತೆ. ಇದೇ ಗುಣದಿಂದ ಫೋಟೋ ಕೂಡ ಮಾಡಬಹುದು ಅಂದರೆ ನಂಬ್ತೀರಾ?

ಅರಿಶಿನ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕದಡಿ, ಸೋಸಿ, ಕಾಗದಕ್ಕೆ ಬಳಿದು ಕತ್ತಲಲ್ಲಿ ಒಣಗಿಸಬೇಕು. ಮೇಲೊಂದು ಎಲೆ, ಅದರ ಮೇಲೆ ಗಾಜು ಇಟ್ಟು ಕೆಲವು ಗಂಟೆ ಬಿಸಿಲಿಗಿಟ್ಟರೆ ಸುತ್ತಲಿನ ಬಣ್ಣ ಮಾಸಿ, ಎಲೆಯ ನೆರಳು ಮಾತ್ರ ಹಳದಿಯಾಗಿ ಉಳಿಯುತ್ತೆ. ಬಿಳಿಗಾರದ ನೀರು ಹಾಕಿದರೆ ಅದು ಕೆಂಪಗಾಗುತ್ತೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿ ನೀರು ಮಾಡ್ತೀವಲ್ಲ, ಅದೇ ಗುಟ್ಟು.

ಹೂವಿನ, ಎಲೆಯ ರಸಗಳ ಮೇಲೆ ಬಿಸಿಲಿನ ಪರಿಣಾಮವನ್ನು ಕ್ರಮವಾಗಿ ಪರೀಕ್ಷಿಸಿ 1842ರಲ್ಲಿ ಬರೆದವನು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಈ ಬಗೆಯ ಚಿತ್ರಕ್ಕೆ ಆಂಥೋಟೈಪ್ ಅಂತ ಹೆಸರು. ತಮಾಷೆ ನೋಡಿ, ಬೆಳ್ಳಿಯ ಚಿತ್ರಗಳು ಅಳಿಯದಂತೆ ಹೈಪೋ ಬಳಸೋದನ್ನು ತೋರಿಸಿಕೊಟ್ಟವನೂ ಇವನೇ. ಆದರೆ ಹೂವಿನ ರಸದ ಚಿತ್ರವನ್ನು ನಿಲ್ಲಿಸೋ ಉಪಾಯ ಅವನಿಗೂ ಸಿಗಲಿಲ್ಲ. ಚಿತ್ರ ಬರೆದ ಬಿಸಿಲೇ ಅದನ್ನು ಅಳಿಸಿಬಿಡುತ್ತೆ!

ಹಾಗಾಗಿ ಗೆದ್ದಿದ್ದು ಬೆಳ್ಳಿಯೇ. ಆದರೆ ಬೆಳ್ಳಿಗೂ ಅಡುಗೆಮನೆ, ಕಾಡುಗಳ ಸಹಾಯ ಬೇಕಾಯ್ತು. 1850ರಲ್ಲಿ ಫ್ರಾನ್ಸಿನ ಬ್ಲಾಂಕಾರ್-ಎವ್ರಾರ್ ಮೊಟ್ಟೆಯ ಬಿಳಿ ಲೋಳೆ ಬಳಿದ ಕಾಗದ ತಂದ. 1888ರಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಒಂದೇ ಕಾರ್ಖಾನೆ ಇಂಥ ಕಾಗದಕ್ಕೆ ಸುಮಾರು 60 ಲಕ್ಷ ಮೊಟ್ಟೆ ಒಡೆಯಿತು. 1851ರಲ್ಲಿ ಗುಸ್ತಾವ್ ಲ ಗ್ರೇ ನೆಗೆಟಿವ್ ಕಾಗದಕ್ಕೆ ಮೊದಲೇ ಜೇನುಮೇಣ ಕುಡಿಸೋ ವಿಧಾನ ಪ್ರಕಟಿಸಿದ. ಅಂಥ ಕಾಗದವನ್ನು ಮೊದಲೇ ಸಿದ್ಧಮಾಡಿ ಕೆಲವು ದಿನ ಇಟ್ಟುಕೊಳ್ಳಬಹುದಿತ್ತು. ನಮ್ಮಂಥ ಸೆಕೆಯ ನಾಡಲ್ಲಿ ಊರೂರು ತಿರುಗೋರಿಗೆ ಅದೇ ದೊಡ್ಡ ವರ.

ಆ ಮೇಣದ ಕಾಗದವೇ ನಮಗೆ ಹಂಪಿಯನ್ನು ಉಳಿಸಿಕೊಟ್ಟಿದ್ದು. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೇನಾಧಿಕಾರಿ ಅಲ್ಲಿ ದೊಡ್ಡ ದೊಡ್ಡ ಮೇಣದ ನೆಗೆಟಿವ್ ತೆಗೆದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದಾಗ, ಯಾವ ಕಂಬ ಬಿದ್ದಿದೆ, ಯಾವ ಗೋಪುರ ಕರಗಿದೆ ಅಂತ ಹೋಲಿಸಿ ನೋಡಲು ಸಾಧ್ಯವಾಯ್ತು. ಹೂವಿನ ರಸದಲ್ಲಿ ತೆಗೆದಿದ್ದರೆ ಆ ಸಾಕ್ಷಿಯೇ ಇರ್ತಿರಲಿಲ್ಲ.

ಹಾಗಂತ ಬೆಳ್ಳಿಯೂ ಅಮರವಲ್ಲ. ಮೊಟ್ಟೆ ಲೋಳೆಯ ಫೋಟೋಗಳು ಬೆಳಕು, ತೇವ ತಾಗಿ ಹಳದಿಗಟ್ಟುತ್ತವೆ. ನಿಮ್ಮ ಅಟ್ಟದಲ್ಲೋ ಪಡಸಾಲೆಯ ಗೋಡೆಯಲ್ಲೋ ಮುತ್ತಜ್ಜನ ಕಂದು ಬಣ್ಣದ ಫೋಟೋ ಇದ್ದರೆ ದಯವಿಟ್ಟು ಬಿಸಿಲು ಬೀಳದ, ಒಣ ಜಾಗಕ್ಕೆ ಎತ್ತಿಡಿ. ಹಿಂದೆ ಹೆಸರು, ಊರು ಇದ್ದರೆ ಬರೆದಿಟ್ಟುಕೊಳ್ಳಿ. ಅರಿಶಿನದ ಚಿತ್ರ ನಾಳೆ ಇನ್ನೊಂದು ಮಾಡಬಹುದು, ಮುತ್ತಜ್ಜನದು ಆಗಲ್ಲ :)